ಪಿನೋಕಿಯೋ: ದಿನಕ್ಕೊಂದು ಅಧ್ಯಾಯ, ಗಟ್ಟಿಯಾಗಿ!

ಮಕ್ಕಳೇ, ಸುಳ್ಳು ಹೇಳಿದರೆ ಪಿನೋಕಿಯೋನ ಮೂಗು ಉದ್ದ ಆಗುತ್ತೆ ಅಂತ ನಿಮಗೆಲ್ಲ ಗೊತ್ತು. ಆದರೆ ಪುಸ್ತಕದಲ್ಲಿ ಅವನು ಒಂದು ಸುಳ್ಳೂ ಹೇಳುವ ಮೊದಲೇ ಮೂಗು ಬೆಳೆಯುತ್ತೆ! ಜೆಪೆಟ್ಟೊ ತಾತ ಮರದಲ್ಲಿ ಮುಖ ಕೆತ್ತುತ್ತಾ ಇರುವಾಗಲೇ ಅದು ಶುರು. ಸಿನಿಮಾ ನೋಡಿದವರಿಗೂ ಪುಸ್ತಕದಲ್ಲಿ ಇಂಥ ಆಶ್ಚರ್ಯಗಳು ಬೇಕಾದಷ್ಟಿವೆ.

ಇದನ್ನು ಬರೆದವರು ಇಟಲಿಯ ಫ್ಲಾರೆನ್ಸ್ ನಗರದ ಕಾರ್ಲೊ ಲೊರೆಂಜಿನಿ. ತಾಯಿಯ ಊರು ಕೊಲ್ಲೋಡಿ. ಆ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ಕಥೆ 1881ರಿಂದ 1883ರವರೆಗೆ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 36 ಚಿಕ್ಕ ಅಧ್ಯಾಯಗಳು. ಕಂತು ಮುಗಿದಾಗ "ಆಮೇಲೇನಾಯ್ತು?" ಅಂತ ಕೇಳುವ ಹಾಗೆ ಬರೆದದ್ದರಿಂದ, ರಾತ್ರಿಗೆ ಒಂದರಂತೆ ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದ ಪುಸ್ತಕ.

ಅಪ್ಪ ಅಮ್ಮಂದಿರೇ, ಕೈಯಲ್ಲಿರುವುದು ಇಂಗ್ಲಿಷ್ ಅನುವಾದವಾದರೂ ಚಿಂತೆಯಿಲ್ಲ. ಒಂದೊಂದು ಪ್ಯಾರಾ ಓದಿಕೊಂಡು, ಅದನ್ನು ನಿಮ್ಮ ಮನೆಯ ಕನ್ನಡದಲ್ಲೇ ಹೇಳಿ. ಕೊಲ್ಲೋಡಿ ಕೂಡ ಪಿನೋಕಿಯೋ ಬರೆಯುವ ಮೊದಲು ಫ್ರೆಂಚ್ ಕಥೆಗಳನ್ನು ಇಟಾಲಿಯನ್ ಭಾಷೆಗೆ ತಂದವರು.

ಪಾತ್ರಗಳನ್ನೂ ಹಂಚಿಕೊಳ್ಳಿ. ಕಥೆಯಲ್ಲಿ ಕುಂಟನಂತೆ ನಟಿಸುವ ನರಿ, ಕುರುಡನಂತೆ ನಟಿಸುವ ಬೆಕ್ಕು ಬರುತ್ತವೆ. ಬೆಕ್ಕು ಎಷ್ಟೋ ಸಲ ನರಿಯ ಕೊನೆಯ ಮಾತನ್ನೇ ತಿರುಗಿ ಹೇಳುತ್ತದೆ. ಕನ್ನಡ ಮಾತಾಡಲು ನಾಚಿಕೊಳ್ಳುವ ಮಗುವಿಗೆ ಬೆಕ್ಕಿನ ಪಾತ್ರ ಕೊಡಿ. ನೀವು ನರಿಯಾಗಿ ಹೇಳಿದ ಕೊನೆಯ ಪದ ಹೇಳಿದರೆ ಸಾಕು. ನಗುತ್ತಾ ನಗುತ್ತಾ ನಾಲಿಗೆ ಹೊರಳುತ್ತದೆ.

ಒಂದು ಎಚ್ಚರಿಕೆ. 15ನೇ ಅಧ್ಯಾಯದ ಕೊನೆಯಲ್ಲಿ ಕಳ್ಳರು ಪಿನೋಕಿಯೋನನ್ನು ಮರಕ್ಕೆ ನೇತುಹಾಕುತ್ತಾರೆ. ಕೊಲ್ಲೋಡಿ ಕಥೆಯನ್ನು ಅಲ್ಲಿಗೇ ಮುಗಿಸಿದ್ದರು. ಓದುಗರು ಬಿಡದೆ ಕೇಳಿದ ಮೇಲೆ ಮುಂದುವರಿಸಿದರು. ಹಾಗಾಗಿ ಆ ರಾತ್ರಿ 16ನೇ ಅಧ್ಯಾಯವನ್ನೂ ಓದಿಯೇ ದೀಪ ಆರಿಸಿ. ಅದರಲ್ಲಿ ನೀಲಿ ಕೂದಲಿನ ಯಕ್ಷಿ ಅವನನ್ನು ಕಾಪಾಡುತ್ತಾಳೆ.

ನನಗೆ ತುಂಬಾ ಇಷ್ಟವಾದ ಭಾಗ 8ನೇ ಅಧ್ಯಾಯ. ಹೊರಗೆ ಹಿಮ ಬೀಳುತ್ತಿರುತ್ತದೆ. ಬಡ ಜೆಪೆಟ್ಟೊ ತನ್ನ ಕೋಟು ಮಾರಿ, ಮಗನಿಗೆ ಅಕ್ಷರ ಕಲಿಯುವ ಪುಸ್ತಕ ತರುತ್ತಾನೆ. ಮುಂದಿನ ಅಧ್ಯಾಯದಲ್ಲೇ ಪಿನೋಕಿಯೋ ಗೊಂಬೆಯಾಟದ ಟಿಕೆಟ್ಟಿಗಾಗಿ ಆ ಪುಸ್ತಕವನ್ನು ನಾಲ್ಕು ಕಾಸಿಗೆ ಮಾರಿಬಿಡುತ್ತಾನೆ! ಇಲ್ಲಿ ದೊಡ್ಡವರು ನೀತಿ ಹೇಳುವ ಅವಸರ ಮಾಡಬೇಡಿ. ಓದಿ, ಸ್ವಲ್ಪ ಹೊತ್ತು ಸುಮ್ಮನಿರಿ. ಮೊದಲ ಮಾತು ಮಕ್ಕಳೇ ಆಡಲಿ.