ಅಭ್ಯಂಗ: ಪದವೂ ಪದ್ಧತಿಯೂ

ಎಮ್ಮಿಗನೂರು ನೇಕಾರರ ಊರು. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ಬಾಗಿ ನೇಯುವವರ ಬೆನ್ನು, ಹೆಗಲುಗಳು ಬಿಗಿದುಕೊಳ್ಳುವುದು ಸಹಜ. ಅಂಥವರಿಗೆ ಆಯುರ್ವೇದವು ಹೇಳುವ ಉಪಚಾರ ಅಭ್ಯಂಗ. ‘ಅಂಜ್’ ಎಂದರೆ ಲೇಪಿಸು; ಕಣ್ಣಿನ ಅಂಜನವೂ ಹಬ್ಬದ ಅಭ್ಯಂಜನವೂ ಇದೇ ಧಾತುವಿನವು. ಕನ್ನಡದ ‘ಎಣ್ಣೆ’ಯಾದರೋ ಎಳ್ಳಿನ ನೆಯ್, ಅಭ್ಯಂಗಕ್ಕೆ ಮುಖ್ಯವಾದುದೂ ಎಳ್ಳೆಣ್ಣೆಯೇ.

ಮೊದಲು ವೈದ್ಯರು ಹಸಿವು, ಜ್ವರ, ಹಳೆಯ ಪೆಟ್ಟುಗಳನ್ನು ವಿಚಾರಿಸುತ್ತಾರೆ. ಊಟವಾದೊಡನೆ ಹೋಗಬಾರದು. ಮರದ ದ್ರೋಣಿಯ ಮೇಲೆ ಮಲಗಿಸಿ, ಬೆಚ್ಚನೆಯ ಎಣ್ಣೆಯನ್ನು ಕೈಕಾಲುಗಳಿಗೆ ನೀಳವಾಗಿ, ಕೀಲುಗಳಿಗೆ ವರ್ತುಲವಾಗಿ ತಿಕ್ಕುತ್ತಾರೆ. ಬಳಿಕ ಹಬೆಯ ಸ್ವೇದನ, ಬಿಸಿನೀರ ಸ್ನಾನ, ವಿಶ್ರಾಂತಿ. ನೋವಾದರೆ ಸಂಕೋಚವಿಲ್ಲದೆ ಹೇಳಬೇಕು. ಸಹಿಸುವುದು ಚಿಕಿತ್ಸೆಯ ಅಂಗವಲ್ಲ.

ಜ್ವರ, ಅಜೀರ್ಣಗಳಿದ್ದಾಗ ಅಭ್ಯಂಗ ಸಲ್ಲದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಶ್ವಾಸಕೋಶಕ್ಕೆ ಸರಿದು ಪ್ರಾಣಕ್ಕೇ ಸಂಚಕಾರ ಬಂದೀತು. ಅಂಥವರು ಮೊದಲು ಹೋಗಬೇಕಾದುದು ಆಸ್ಪತ್ರೆಗೆ.