ಬೆಳಕಿನ ಹಬ್ಬದಲ್ಲಿ ಕಣ್ಣಿನ ಕಾವಲು

ಪ್ರತಿವರ್ಷವೂ ದೀಪಾವಳಿ ಸಮೀಪಿಸಿದಂತೆ ಬೆಂಗಳೂರಿನ ಮನೆಗಳಲ್ಲಿ ಎಣ್ಣೆ, ಸೀಗೆಪುಡಿ, ಹೊಸ ಬಟ್ಟೆಗಳ ಸಿದ್ಧತೆ ನಡೆಯುತ್ತಿರುವಾಗಲೇ ನಗರದ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಬೇರೊಂದು ಬಗೆಯ ಸಿದ್ಧತೆ ನಡೆಯುತ್ತದೆ. ಹಾಸಿಗೆಗಳನ್ನು ತೆರವು ಮಾಡಿ ಕಾದಿರಿಸುತ್ತಾರೆ. ಹಗಲಿರುಳೂ ವೈದ್ಯರು ದೊರೆಯುವಂತೆ ಸರದಿ ಗೊತ್ತುಪಡಿಸುತ್ತಾರೆ. 1896ರಲ್ಲಿ ಚಿಕ್ಕ ಚಿಕಿತ್ಸಾಲಯವಾಗಿ ಆರಂಭವಾದ ಈ ಸಂಸ್ಥೆಗೆ ಹಬ್ಬದ ರಾತ್ರಿಗಳೆಂದರೆ ದುಡಿಮೆಯ ರಾತ್ರಿಗಳು. ಬೆಳಕಿನ ಹಬ್ಬದಂದೇ ಕಣ್ಣಿನ ಬೆಳಕನ್ನು ಕಳೆದುಕೊಳ್ಳುವವರು ಇದ್ದಾರೆಂಬುದು ಎಂತಹ ವಿಪರ್ಯಾಸ!

ಮನುಷ್ಯನ ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರು. ಅದರ ಮುಂಭಾಗದ ಗಾಜಿನಂತಹ ಪಟಲವಾದ ಕಾರ್ನಿಯಾ ನಟ್ಟನಡುವೆ ಕೇವಲ ಅರ್ಧ ಮಿಲಿಮೀಟರಿನಷ್ಟು ದಪ್ಪ. ಅಪಾಯ ಕಂಡೊಡನೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದೇನೋ ನಿಜ. ಆದರೆ ಅದಕ್ಕೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಬೇಕು. ಸಿಡಿದ ಪಟಾಕಿಯ ಚೂರು ಅಷ್ಟು ಹೊತ್ತು ಕಾಯುವುದಿಲ್ಲ.

ಸಾಧುವೆಂದು ತೋರುವ ಬತ್ತಿ

ಆನೆಪಟಾಕಿಗೆ ಅಂಜುವ ತಾಯಂದಿರು ಮೂರು ವರ್ಷದ ಮಗುವಿನ ಕೈಗೆ ಸುರುಸುರುಬತ್ತಿಯನ್ನು ನಿಶ್ಚಿಂತೆಯಿಂದ ಕೊಡುವುದುಂಟು. ಕುದಿಯುವ ನೀರಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್. ಉರಿಯುವ ಸುರುಸುರುಬತ್ತಿಯದು 1000 ಡಿಗ್ರಿಗೂ ಮೀರಬಲ್ಲದು. ಮಗುವಿನ ತೋಳು ಗಿಡ್ಡ. ಬತ್ತಿಯ ತುದಿ ಮುಖದ ಸಮೀಪದಲ್ಲಿಯೇ ಇರುತ್ತದೆ. ಒಂದು ಮಗು ಉತ್ಸಾಹದಿಂದ ಕೈ ಬೀಸಿದರೆ, ಪಕ್ಕದಲ್ಲಿ ನಿಂತ ಇನ್ನೊಂದರ ಕಣ್ಣಿಗೆ ಅದು ನೇರ ತಾಗುವಷ್ಟು ಎತ್ತರದಲ್ಲಿರುತ್ತದೆ.

ದೊಡ್ಡವರ ತಪ್ಪು ಬೇರೆಯ ಬಗೆಯದು. ಹೂಕುಂಡ ಹತ್ತಲಿಲ್ಲವೆಂದು ಬಗ್ಗಿ ನೋಡುವುದು, ಬಾಟಲಿಯಲ್ಲಿ ಓರೆಯಾಗಿ ನಿಲ್ಲಿಸಿದ ರಾಕೆಟ್ಟಿಗೆ ಕಿಡಿ ತಾಗಿಸುವುದು, ತಗಡಿನ ಡಬ್ಬಿಯ ಕೆಳಗಿಟ್ಟು ಪಟಾಕಿ ಸಿಡಿಸುವುದು. ಗಾಜು, ತಗಡುಗಳು ಆಗ ಆಯುಧಗಳಾಗುತ್ತವೆ. ಗಾಯಗೊಂಡವರೆಲ್ಲರೂ ಪಟಾಕಿ ಹಚ್ಚಿದವರಲ್ಲ ಎಂಬುದೇ ಇಲ್ಲಿನ ಅನ್ಯಾಯ. ಜಗಲಿಯಲ್ಲಿ ನಿಂತು ನೋಡುತ್ತಿದ್ದವರು, ಬೀದಿಯಲ್ಲಿ ತಮ್ಮ ಪಾಡಿಗೆ ತಾವು ನಡೆದುಹೋಗುತ್ತಿದ್ದವರು ಕೂಡ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಬೇಕಾಗುತ್ತದೆ.

ಕಾಣದ ಪೆಟ್ಟು

ಕಿಡಿಯಿಂದ ರೆಪ್ಪೆ ಬೆಂದರೆ ಅದು ಎಲ್ಲರಿಗೂ ಕಾಣುತ್ತದೆ. ಪೆಟ್ಟಿನ ರಭಸವು ಕಣ್ಣಿನ ಒಳಗೆ ಮಾಡುವ ಹಾನಿ ಮಾತ್ರ ಕಾಣದು. ಕಾರ್ನಿಯಾದ ಹಿಂದೆ ರಕ್ತ ಶೇಖರವಾಗಬಹುದು. ನಿಂತ ರಕ್ತಸ್ರಾವ ಕೆಲವೇ ದಿನಗಳಲ್ಲಿ ಮರುಕಳಿಸಲೂಬಹುದು. ಮಸೂರವು ಮಸುಕಾಗಿ ಚಿಕ್ಕ ವಯಸ್ಸಿನಲ್ಲಿಯೇ ಪೊರೆ ಬರಬಹುದು. ಅಕ್ಷಿಪಟಲವು ಹರಿದು ಕಳಚಿಕೊಳ್ಳಬಹುದು. ಕಣ್ಣಿನ ಒತ್ತಡವೇರುವ ಗ್ಲಾಕೋಮಾ ವರ್ಷಗಳ ತರುವಾಯ ತಲೆದೋರುವುದೂ ಉಂಟು. ಕಣ್ಣುಗುಡ್ಡೆ ಒಡೆದಾಗ, ಅಪರೂಪಕ್ಕೆ, ಪೆಟ್ಟು ಬೀಳದ ಇನ್ನೊಂದು ಕಣ್ಣಿಗೂ ಉರಿಯೂತ ಹಬ್ಬುತ್ತದೆ. ಆದುದರಿಂದ ನೋವು ಕಡಮೆಯಾಯಿತೆಂಬ ಮಾತ್ರಕ್ಕೆ ಪರೀಕ್ಷೆಯನ್ನು ಮುಂದೂಡುವುದು ವಿವೇಕವಲ್ಲ.

ಮೊದಲ ಗಳಿಗೆ

ಅವಘಡವಾದೊಡನೆ ಮಗು ಕಣ್ಣುಜ್ಜಿಕೊಳ್ಳತೊಡಗುತ್ತದೆ. ಮೊದಲು ಅದನ್ನು ತಡೆಯಬೇಕು. ಹರಳೆಣ್ಣೆ, ಬೆಣ್ಣೆ, ಎದೆಹಾಲು, ಅಂಗಡಿಯ ಮುಲಾಮು ಇವುಗಳಲ್ಲಿ ಯಾವುದನ್ನೂ ಹಾಕಕೂಡದು. ಬೂದಿ ಅಥವಾ ಮದ್ದಿನ ಪುಡಿ ಮಾತ್ರ ಬಿದ್ದಿದ್ದರೆ ಶುದ್ಧವಾದ ನೀರನ್ನು ಧಾರಾಳವಾಗಿ ಹರಿಯಬಿಟ್ಟು ತೊಳೆಯಬೇಕು. ಕಣ್ಣು ಸೀಳಿದ್ದರೆ, ರಕ್ತ ಕಂಡರೆ, ಚೂರು ನಾಟಿದ್ದರೆ ತೊಳೆಯಕೂಡದು, ಚೂರನ್ನು ಕೀಳಲೂಕೂಡದು. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ, ಗುಡ್ಡೆಗೆ ತಾಗದಂತೆ ಮುಚ್ಚಿ, ಮೆಲುವಾಗಿ ಅಂಟಿಸಿ ಕಣ್ಣಾಸ್ಪತ್ರೆಗೆ ಧಾವಿಸಬೇಕು. ಒತ್ತಿ ಪಟ್ಟಿ ಕಟ್ಟಿದರೆ ಒಡೆದ ಕಣ್ಣಿನ ಒಳಭಾಗ ಹೊರಬರಬಹುದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಏನನ್ನೂ ತಿನ್ನಿಸದಿರುವುದು ಲೇಸು.

ಹಸಿರೆಂದರೆ ಅಭಯವಲ್ಲ

2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಡಮೆ ಮಾಲಿನ್ಯದ ಪಟಾಕಿಗಳಿಗೆ ಮಾತ್ರ ಅನುಮತಿಯಿತ್ತು, ದೀಪಾವಳಿಯಂದು ಅವುಗಳನ್ನು ಸಿಡಿಸಲು ಎರಡು ಗಂಟೆಗಳ ಅವಧಿಯನ್ನು ವಿಧಿಸಿತು. ‘ಹಸಿರು ಪಟಾಕಿ’ಯೆಂಬ ಹೆಸರು ಅಂದಿನಿಂದ ಮನೆಮಾತಾಯಿತು. ಅದರ ಗುಣವೆಲ್ಲ ಹೊಗೆಗೆ ಸಂಬಂಧಿಸಿದ್ದು, ಬೆಂಕಿಗಲ್ಲ. ಶ್ವಾಸಕೋಶಕ್ಕೆ ಕೊಂಚ ಹಿತವಾದದ್ದು ಕಣ್ಣಿಗೂ ಹಿತವೆಂದು ನಂಬಿದವರು ಮೋಸಹೋಗುತ್ತಾರೆ.

ಪಟಾಕಿಯನ್ನು ತ್ಯಜಿಸುವುದೇ ಪೂರ್ಣ ರಕ್ಷಣೆ. ಬಿಡಲಾಗದವರು ತೆರೆದ ಬಯಲನ್ನು ಆರಿಸಿಕೊಂಡು, ತೋಳಿನಳತೆಗೂ ಉದ್ದವಾದ ಊದುಬತ್ತಿಯಿಂದ ಮುಖ ಹಿಂದೆ ಸರಿಸಿ ಹಚ್ಚಲಿ, ಪಾಲಿಕಾರ್ಬೊನೇಟಿನ ರಕ್ಷಣಾ ಕನ್ನಡಕ ಧರಿಸಲಿ, ನೋಡುವವರು ದೂರದಲ್ಲಿರಲಿ. ಟುಸ್ಸೆಂದ ಪಟಾಕಿಯ ಹತ್ತಿರ ಅರ್ಧ ಗಂಟೆಯಾದರೂ ಹೋಗದಿರಲಿ. ಬಲಿಪಾಡ್ಯಮಿಯ ಬೆಳಗ್ಗೆ ಬೀದಿಯಲ್ಲಿ ಬಿದ್ದ ಹುಸಿಪಟಾಕಿಗಳನ್ನು ಆಯ್ದು, ಮದ್ದು ಸುರಿದು ಉರಿಸುವ ಆಟ ಹುಡುಗರಿಗೆ ಬಲು ಪ್ರಿಯ. ಅದರಷ್ಟು ಅಪಾಯಕರವಾದ ಆಟ ಮತ್ತೊಂದಿಲ್ಲ. ರಾತ್ರಿ ಮಲಗುವ ಮುನ್ನ ಅವುಗಳನ್ನೆಲ್ಲ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟ ಮನೆಯ ಹಿರಿಯರು, ಮಕ್ಕಳು ಏಳುವುದಕ್ಕೆ ಮೊದಲೇ ಒಂದು ಅನಾಹುತವನ್ನು ತಪ್ಪಿಸಿರುತ್ತಾರೆ.