ಕೊಟ್ಟ ಹಣದ ವಸೂಲಿ

ಹಣವನ್ನು ಕೊಡುವಾಗ ಇರುವ ಸೌಲಭ್ಯವು ಅದನ್ನು ಹಿಂದಕ್ಕೆ ಪಡೆಯುವಾಗ ಇರುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೆ ನಿಜವಾದ ಬಾಕಿಯೂ, ಸಾಲಗಾರನೇ ಒಪ್ಪುವ ಬಾಕಿಯೂ, ಒಂದು ದಿನ ಕಳೆದ ಮಾತ್ರಕ್ಕೆ ನ್ಯಾಯಾಲಯದಲ್ಲಿ ನಿಲ್ಲದೆ ಹೋಗಬಹುದೆಂಬುದನ್ನು ಬಲ್ಲವರು ಕಡಮೆ. ಈ ವಿಷಯವನ್ನು ವಿವರಿಸಲು ನಾವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇವೆ. ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವ ಅನೇಕರ ಮೂಲಮನೆಗಳು ಆ ಕಡೆಯಲ್ಲಿವೆ. ದಾಯಾದಿಗಳಿಗೂ ನೆರೆಹೊರೆಯವರಿಗೂ ಅವರು ಕೊಟ್ಟ ಕೈಸಾಲಗಳೂ ಅಲ್ಲಿಯೇ ಇವೆ.

ಆ ಸೀಮೆಯಲ್ಲಿ ಹಣದ ಲೆಕ್ಕವು ಪಂಚಾಂಗಕ್ಕಿಂತ ಹೆಚ್ಚಾಗಿ ಅಡಕೆಯ ಕೊಯ್ಲನ್ನು ಅನುಸರಿಸುತ್ತದೆ. ಮಳೆಗಾಲದಲ್ಲಿ ತೆಗೆದ ಸಾಲವನ್ನು ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ ತೀರಿಸುವುದು ರೂಢಿ. ಬೆಳೆ ಕೆಟ್ಟರೆ ಮಾತು ಮುಂದಿನ ವರ್ಷಕ್ಕೆ ಹೋಗುತ್ತದೆ. ಶೃಂಗೇರಿ ಕೊಪ್ಪಗಳ ತೋಟಗಳನ್ನು ಹಳದಿ ಎಲೆ ರೋಗವು ಹಲವು ದಶಕಗಳಿಂದ ಕಾಡುತ್ತಿದೆ; ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಆದುದರಿಂದ "ಈ ಸಲ ಫಸಲಿಲ್ಲ, ಬರುವ ಸಲ ನೋಡೋಣ" ಎಂಬ ಮಾತು ಸುಳ್ಳಾಗಿರಬೇಕೆಂದೇನೂ ಇಲ್ಲ. ಕೊಟ್ಟವನು ದಾಕ್ಷಿಣ್ಯದಿಂದ ಸುಮ್ಮನಾಗುತ್ತಾನೆ. ಹೀಗೆ ಮೂರು ಕೊಯ್ಲುಗಳು ಕಳೆದರೆ ಕಾನೂನು ತನ್ನ ಬಾಗಿಲನ್ನು ಮುಚ್ಚಿಬಿಡುತ್ತದೆ.

1963ರ ಕಾಲಪರಿಮಿತಿ ಕಾಯಿದೆಯಂತೆ, ಸಾಲವಾಗಿ ಕೊಟ್ಟ ಹಣಕ್ಕೆ ದಾವಾ ಹೂಡಲು ಇರುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಎಂದಿನಿಂದ ಮೂರು ವರ್ಷ ಎಂಬಲ್ಲಿಯೇ ಜನರು ಎಡವುವುದು. "ಕೇಳಿದಾಗ ಕೊಡುತ್ತೇನೆ" ಎಂದು ಬರೆದ ಪ್ರಾಮಿಸರಿ ನೋಟಿಗೆ ಕಾಲವು ಕೇಳಿದ ದಿನದಿಂದ ಓಡುವುದೆಂದು ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ, ಬರೆದ ದಿನದಿಂದಲೇ ಓಡುತ್ತದೆ. 2022ರ ಜನವರಿ 10ರಂದು ಬರೆಸಿಕೊಂಡ ಅಂಥ ನೋಟಿನ ಮೇಲೆ 2025ರ ಜನವರಿ 10ರೊಳಗೆ ದಾವಾ ಬೀಳಬೇಕಾಗಿತ್ತು. ನಡುವೆ ಹತ್ತು ಬಾರಿ ಮನೆಗೆ ಹೋಗಿ ಕೇಳಿದ್ದರೂ, ಹತ್ತು ಬಾರಿ ಕಾಫಿ ಕುಡಿದು ಬಂದಿದ್ದರೂ, ಒಂದು ದಿನವೂ ಹೆಚ್ಚುವುದಿಲ್ಲ. ನೋಟಿಗೆ ತಕ್ಕ ರೆವಿನ್ಯೂ ಸ್ಟಾಂಪನ್ನು ಬರೆಯುವಾಗಲೇ ಹಚ್ಚಬೇಕು. ಆ ಲೋಪವನ್ನು ಮುಂದೆ ದಂಡ ಕಟ್ಟಿ ಸರಿಪಡಿಸಿಕೊಳ್ಳುವಂತಿಲ್ಲ. ಸ್ಥಿರಾಸ್ತಿಯನ್ನು ಅಡವಿಟ್ಟ ಸಾಲಕ್ಕೆ ಮಾತ್ರ ಅವಧಿ ಹನ್ನೆರಡು ವರ್ಷ.

ಹಾಗಾದರೆ ಬೆಳೆ ಕೆಟ್ಟ ನೆರೆಯವನ ಮೇಲೆ ಮೂರು ವರ್ಷಕ್ಕೇ ದಾವಾ ಹೂಡಲೇಬೇಕೆ? ಬೇಕಾಗಿಲ್ಲ. ದಯೆ ತೋರಿಸುವವನಿಗೂ ಕಾನೂನು ಒಂದು ದಾರಿಯನ್ನಿಟ್ಟಿದೆ. ಅವಧಿ ಮುಗಿಯುವುದಕ್ಕೆ ಮೊದಲು ಸಾಲಗಾರನು "ಇಷ್ಟು ಹಣ ಬಾಕಿಯಿದೆ" ಎಂದು ಬರೆದು ಸಹಿಮಾಡಿದರೆ ಅಂದಿನಿಂದ ಹೊಸ ಮೂರು ವರ್ಷಗಳು ಆರಂಭವಾಗುತ್ತವೆ. ಅಸಲಿಗೋ ಬಡ್ಡಿಗೋ ಅಲ್ಪ ಹಣವನ್ನು ಕೊಟ್ಟು ಅದಕ್ಕೆ ತನ್ನ ಕೈಬರಹ ಅಥವಾ ಸಹಿಯ ಗುರುತನ್ನು ಉಳಿಸಿದರೂ ಹಾಗೆಯೇ. ಅವಧಿ ಮುಗಿದುಹೋಗಿದ್ದರೆ ಬರಿಯ ಒಪ್ಪಿಗೆ ಸಾಲದು; ಆಗ 1872ರ ಕರಾರು ಕಾಯಿದೆಯ 25ನೆಯ ಪ್ರಕರಣದಂತೆ, ಕೊಡುತ್ತೇನೆಂಬ ಸ್ಪಷ್ಟವಾದ ಹೊಸ ವಾಗ್ದಾನವೇ ಬರವಣಿಗೆಯಲ್ಲಿ ಸಹಿಯೊಡನೆ ಬೇಕು. ನಮ್ಮ ರಾಜ್ಯದಿಂದ ಹೋದ ಒಂದು ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಮಾನಿಸಿತು. ನಾಲ್ಕು ವರ್ಷ ಹಿಂದಿನ ಏಳೂವರೆ ಲಕ್ಷ ರೂಪಾಯಿಯ ಸಾಲಕ್ಕೆ ಕೊಟ್ಟ ಚೆಕ್ಕು ನಗದಾಗಲಿಲ್ಲ. ಸಾಲವು ಕಾಲಬಾಧಿತವೆಂದು ಕೆಳಗಿನ ನ್ಯಾಯಾಲಯಗಳು ಫಿರ್ಯಾದನ್ನು ಆರಂಭದಲ್ಲಿಯೇ ತಳ್ಳಿದ್ದುವು. ಆದರೆ ಸಾಲಗಾರನ ಲೆಕ್ಕಪತ್ರಗಳಲ್ಲಿ ಆ ಮೊಬಲಗು ಕಾಣಿಸಿತ್ತು. ಅದನ್ನೂ ಕರಾರು ಕಾಯಿದೆಯ ಮೇಲ್ಕಂಡ ಪ್ರಕರಣವನ್ನೂ ಗಮನಿಸಿ, ವಿಚಾರಣೆ ಮುಂದುವರಿಯತಕ್ಕದ್ದೆಂದು ಆಜ್ಞೆಯಾಯಿತು. ಕೊಟ್ಟವನನ್ನು ಅಲ್ಲಿ ಉಳಿಸಿದ್ದು ಸಾಲಗಾರನ ಸ್ವಂತ ಕಾಗದ.

ಅಡಕೆ ಮಾರಿದ ಹಣ ಬರಬೇಕಾದವರ ಸ್ಥಿತಿ ಸ್ವಲ್ಪ ಬೇರೆ. ಉದ್ದರಿಯ ವಾಯಿದೆ ಗೊತ್ತಾಗದಿದ್ದರೆ ಮಾಲು ಒಪ್ಪಿಸಿದ ದಿನದಿಂದಲೂ, ಗೊತ್ತಾಗಿದ್ದರೆ ಆ ವಾಯಿದೆ ಮುಗಿದಂದಿನಿಂದಲೂ ಮೂರು ವರ್ಷ. ವ್ಯಾಪಾರಿಯು ಮುಂಗಡ ಕೊಡುತ್ತ, ಬೆಳೆಗಾರನು ಮಾಲು ಹಾಕುತ್ತ, ಬಾಕಿಯು ಒಮ್ಮೆ ಈ ಕಡೆಗೂ ಒಮ್ಮೆ ಆ ಕಡೆಗೂ ವಾಲುವ ಪರಸ್ಪರ ಚಾಲ್ತಿ ಲೆಕ್ಕವಾಗಿದ್ದರೆ, ಕೊನೆಯ ಬಾಬು ದಾಖಲಾದ ಲೆಕ್ಕದ ವರ್ಷ ಮುಗಿದ ಮೇಲೆ ಕಾಲ ಎಣಿಸಬೇಕು. ಮಂಡಿಯ ಚೀಟಿಗಳನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಗೆದ್ದಲಿಗೆ ಒಪ್ಪಿಸುವ ಅಭ್ಯಾಸವನ್ನು ಬಿಡುವುದು ಮೇಲು. ಇಂಥ ಪರಾಧೀನತೆಯಿಂದ ಬೆಳೆಗಾರರನ್ನು ಬಿಡಿಸಲೆಂದೇ 1939ರಲ್ಲಿ ಶಿವಮೊಗ್ಗದಲ್ಲಿ ಮಾಮ್ಕೋಸ್ ಎಂಬ ಅಡಕೆ ಮಾರಾಟದ ಸಹಕಾರ ಸಂಘವು ಹುಟ್ಟಿತು. ರಾಜ್ಯದ 1959ರ ಸಹಕಾರ ಸಂಘಗಳ ಕಾಯಿದೆಗೆ ಒಳಪಟ್ಟ ಸಂಘಕ್ಕೂ ಅದರ ಸದಸ್ಯನಿಗೂ ವ್ಯವಹಾರದ ವಿವಾದವೆದ್ದರೆ, 70ನೆಯ ಪ್ರಕರಣದಂತೆ ಅದು ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗಬೇಕೇ ಹೊರತು ಸಿವಿಲ್ ನ್ಯಾಯಾಲಯಕ್ಕಲ್ಲ.

ಇನ್ನು ದಾವೆಯ ಸಂಗತಿ. ಪ್ರತಿವಾದಿಯು ವಾಸಿಸುವಲ್ಲಿ, ಅಥವಾ ವ್ಯವಹಾರವು ಪೂರ್ತಿಯಾಗಿಯೋ ಭಾಗಶಃವೋ ನಡೆದಲ್ಲಿ ದಾವಾ ಹೂಡಬಹುದು. ಬೆಂಗಳೂರಿನಲ್ಲಿ ಹಣ ಎಣಿಸಿಕೊಟ್ಟಿದ್ದರೆ ಕೊಪ್ಪಕ್ಕೆ ಅಲೆಯಲೇಬೇಕೆಂಬುದಿಲ್ಲ. ಆದರೆ ಸಾಲಗಾರನ ಆಸ್ತಿ ಅಲ್ಲಿದ್ದರೆ ಡಿಕ್ರಿಯು ಕೊನೆಗೆ ಅಲ್ಲಿಗೇ ಹೋಗಬೇಕಾಗುವುದರಿಂದ, ಮೊದಲೇ ಅಲ್ಲಿ ಹೂಡುವುದು ಎಷ್ಟೋ ವೇಳೆ ಲೇಸು. ನೋಟು ಅಥವಾ ಲಿಖಿತ ಕರಾರಿನ ಮೇಲೆ ನಿಶ್ಚಿತ ಮೊಬಲಗನ್ನು ಕೇಳುವವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೆಯ ಆದೇಶದ ಸಂಕ್ಷಿಪ್ತ ದಾವೆಯಿದೆ. ಅದರಲ್ಲಿ ಪ್ರತಿವಾದಿಯು ಹತ್ತು ದಿನಗಳೊಳಗೆ ಹಾಜರಾತಿ ದಾಖಲಿಸಬೇಕು. ನ್ಯಾಯಾಲಯದ ಅನುಮತಿಯಿಲ್ಲದೆ ಪ್ರತಿವಾದವನ್ನೂ ಮಾಡುವಂತಿಲ್ಲ. ಆಸ್ತಿಯನ್ನು ಪರಭಾರೆ ಮಾಡಿ ತಪ್ಪಿಸಿಕೊಳ್ಳುವ ಹವಣು ಕಂಡುಬಂದರೆ ತೀರ್ಪಿಗೆ ಮುಂಚೆಯೇ ಜಪ್ತಿಯನ್ನು ಬೇಡಬಹುದು.

ಚೆಕ್ಕು ಇದ್ದವರ ಕೈಯಲ್ಲಿ ಹರಿತವಾದ ಆಯುಧವಿದೆ, ಆದರೆ ಅದರ ದಿನಗಳು ಇನ್ನೂ ಬಿಗಿ. ಚೆಕ್ಕು ಹಿಂದಿರುಗಿದ ಸುದ್ದಿ ಬ್ಯಾಂಕಿನಿಂದ ಬಂದ ಮೂವತ್ತು ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಅದು ತಲುಪಿದ ಮೇಲೆ ಹದಿನೈದು ದಿನ ಕಾಯಬೇಕು. ಅನಂತರ ಒಂದು ತಿಂಗಳೊಳಗೆ ಫಿರ್ಯಾದು ಸಲ್ಲಿಸಬೇಕು. ಸ್ವಂತ ಖಾತೆಯ ಮೂಲಕ ಚೆಕ್ಕನ್ನು ಹಾಕಿದ್ದರೆ, 2015ರ ತಿದ್ದುಪಡಿಯಂತೆ ಆ ಶಾಖೆಯಿರುವ ಊರಿನಲ್ಲಿಯೇ ಅದು ನಡೆಯುತ್ತದೆ. ಕರ್ನಾಟಕದ್ದೇ ಆದ 45,000 ರೂಪಾಯಿ ಕೈಸಾಲದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಸಹಿಯುಳ್ಳ ಚೆಕ್ಕಿನ ಹಿಂದೆ ಸಾಲವಿತ್ತೆಂದೇ ಊಹಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವನದು ಎಂದು ಹೇಳಿತು. ಪೊಲೀಸು ಠಾಣೆಯ ದಾರಿಯನ್ನು ನಾವು ಹೇಳುವುದಿಲ್ಲ; ಮೊದಲಿನಿಂದಲೇ ವಂಚಿಸುವ ಉದ್ದೇಶವಿದ್ದಲ್ಲದೆ ಸಾಲ ತೀರಿಸದಿರುವುದು ಅಪರಾಧವಲ್ಲ. ಬಡ್ಡಿವ್ಯಾಪಾರವನ್ನೇ ನಡೆಸುವವರಿಗೆ 1961ರ ಲೇವಾದೇವಿ ಕಾಯಿದೆಯಂತೆ ಪರವಾನಗಿ ಬೇಕು. ಅದಿಲ್ಲದೆ ಸಾಲ ಕೊಟ್ಟವರಿಗೆ ಡಿಕ್ರಿ ದೊರೆಯದು.

ಸಾಲಗಾರನು ಬಾಕಿಯನ್ನು ಒಪ್ಪಿ, ಕಂತು ಮಾತ್ರ ಬೇಡುವವನಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿಗೆ ಹೋಗುವುದೇ ನಮ್ಮ ಮನಸ್ಸಿಗೆ ಒಪ್ಪುವ ಮಾರ್ಗ. ದಾವಾ ಹೂಡುವ ಮೊದಲೂ ಅಲ್ಲಿಗೆ ಹೋಗಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ; ಹೂಡಿದ್ದ ದಾವಾ ಅಲ್ಲಿ ತೀರಿದರೆ ಕಟ್ಟಿದ ಕೋರ್ಟು ಶುಲ್ಕವೂ ಹಿಂದಕ್ಕೆ ಬರುತ್ತದೆ. ಮುಂದಿನ ಕೊಯ್ಲಿಗೆ ಇಷ್ಟು, ಅದರ ಮುಂದಿನದಕ್ಕೆ ಇಷ್ಟು ಎಂದು ಬರೆಸಿದರೆ ಮಲೆನಾಡಿನ ರೂಢಿಯೂ ಕಾನೂನೂ ಒಂದೇ ಕಾಗದದ ಮೇಲೆ ಕೂಡುತ್ತವೆ.

ಡಿಕ್ರಿ ಕೈಗೆ ಬಂದ ಮಾತ್ರಕ್ಕೆ ಹಣ ಬಂದಂತಲ್ಲ. ಅಮಲ್ಜಾರಿಗೆ ಹನ್ನೆರಡು ವರ್ಷ ಅವಕಾಶವಿದೆ. ಕೃಷಿಕನ ಉಪಕರಣಗಳು, ಉಳುವ ಎತ್ತು, ಬಿತ್ತನೆಯ ಬೀಜ, ಆತನು ವಾಸಿಸುವ ಮನೆ, ಅಡಿಗೆಯ ಪಾತ್ರೆ ಇವನ್ನು ಜಪ್ತಿ ಮಾಡುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ನಿಜವಾಗಿ ನಿರ್ಗತಿಕನಾದವನನ್ನು ಸೆರೆಗೆ ಹಾಕಲಾಗದೆಂದು 1980ರಲ್ಲಿಯೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಆದರೆ ಸಾಲಗಾರನಿಗೆ ಮೂರನೆಯವರಿಂದ ಬರಬೇಕಾದ ಹಣವನ್ನು ಜಪ್ತಿ ಮಾಡಿಸಬಹುದು. ಆತನ ಅಡಕೆ ಮಂಡಿಯಲ್ಲಿ ಮಾರಾಟವಾಗಿ ಹಣವು ಅವನ ಲೆಕ್ಕದಲ್ಲಿ ನಿಂತಿದ್ದರೆ, ಅದನ್ನು ನ್ಯಾಯಾಲಯಕ್ಕೆ ಕಟ್ಟಬೇಕೆಂದು ಮಂಡಿಯವರಿಗೇ ನೋಟೀಸು ಹೋಗುತ್ತದೆ. ಅಂಥ ಅರ್ಜಿಯನ್ನು ಆಷಾಢದ ಮಳೆಯಲ್ಲಿ ಹಾಕಿ ಫಲವಿಲ್ಲ. ಮಾಲು ಮಂಡಿಗೆ ಇಳಿಯುವ ಹೊತ್ತಿಗೆ ಅದು ಸಿದ್ಧವಾಗಿರಬೇಕು.